ಸಹಾಯ ಬೇಕು: ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು. ನಾನು ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುತ್ತೇನೆ. ನಮ್ಮಲ್ಲಿ ಬಿ.ಕಾಂ. ಸೇರುವ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ತಮ್ಮ ಮನೆತನದಲ್ಲೇ ಮೊದಲ ಬಾರಿಗೆ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದವರು. ಮೊದಲ ಸೆಮಿಸ್ಟರ್‌ನಲ್ಲೇ ಅವರ ಹಾಜರಾತಿ ಕುಸಿಯುವುದಕ್ಕೆ ಬುದ್ಧಿಶಕ್ತಿಯ ಕೊರತೆ ಕಾರಣವಲ್ಲ, ಸಂದೇಹ ಬಂದಾಗ ಕೇಳಲು ತಿಳಿದವರೊಬ್ಬರು ಇಲ್ಲದಿರುವುದೇ ಕಾರಣ ಎಂಬುದು ನನ್ನ ದೃಢ ಅಭಿಪ್ರಾಯ. ಯಂತ್ರದ ಸವಕಳಿ ಲೆಕ್ಕವನ್ನು ಕನ್ನಡದಲ್ಲಿ ಸ್ಪಷ್ಟವಾಗಿ ವಿವರಿಸುವ ಹುಡುಗಿ, ಅದೇ ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೆ ಪುಟವನ್ನು ಖಾಲಿ ಬಿಡುತ್ತಾಳೆ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ ಮಂಜೂರಾಗಿದ್ದರೂ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ಜಮೆಯಾಗುವುದಿಲ್ಲ. ಬ್ಯಾಂಕಿಗೇ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಖಾತೆಗೆ ಸೇರಬೇಕೆಂಬ ನೋಂದಣಿ) ಮಾಡಿಸಬಹುದೆಂದು ತಿಳಿಸುವವರಿಲ್ಲದೆ ಮಕ್ಕಳು ಸೈಬರ್ ಸೆಂಟರ್‌ಗಳಿಗೆ ಅಲೆಯುತ್ತಾರೆ.

ಆದ್ದರಿಂದ ಬ್ಯಾಂಕಿಂಗ್, ತೆರಿಗೆ, ಲೆಕ್ಕಪರಿಶೋಧನೆ ಮುಂತಾದ ಕ್ಷೇತ್ರಗಳಲ್ಲಿರುವ, ವಾರಕ್ಕೊಮ್ಮೆ ಅರ್ಧ ಗಂಟೆ ಒಬ್ಬ ವಿದ್ಯಾರ್ಥಿಯೊಂದಿಗೆ ಫೋನಿನಲ್ಲಿ ಕನ್ನಡದಲ್ಲೇ ಮಾತನಾಡಬಲ್ಲ ಮಾರ್ಗದರ್ಶಕರು ನಮಗೆ ಬೇಕಾಗಿದ್ದಾರೆ. ವಿದ್ಯಾರ್ಥಿನಿಯರಿಗೆ ಮಹಿಳೆಯರೇ ಮಾರ್ಗದರ್ಶಕರಾಗಿರಬೇಕೆಂದು ಪೋಷಕರು ಬಯಸುತ್ತಾರೆ. ಪರಿಚಯವೆಲ್ಲವೂ ಕಾಲೇಜಿನ ಮೂಲಕವೇ ನಡೆಯುತ್ತದೆ. ದಯವಿಟ್ಟು ಒಂದು ಸೆಮಿಸ್ಟರ್ ಪೂರ್ತಿ ಜೊತೆಗಿರಲು ಸಾಧ್ಯವಿದ್ದರೆ ಮಾತ್ರ ಒಪ್ಪಿಕೊಳ್ಳಿ, ಏಕೆಂದರೆ ನಡುವೆ ಕರೆ ನಿಂತುಹೋದರೆ ಮಕ್ಕಳು ತಮ್ಮಲ್ಲೇ ಏನೋ ಕೊರತೆಯಿದೆ ಎಂದು ಭಾವಿಸುತ್ತಾರೆ. ಮಾನಸಿಕ ಒತ್ತಡದ ಸಂದರ್ಭಕ್ಕಾಗಿ ಉಚಿತ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಯನ್ನು ಸೂಚನಾ ಫಲಕದಲ್ಲಿ ಹಾಕಿದ್ದೇವೆ. ಆದರೂ ತಿಂಗಳಿಗೊಮ್ಮೆಯಾದರೂ ಕಾಲೇಜಿಗೆ ಬರಬಲ್ಲ ಆಪ್ತಸಮಾಲೋಚಕರು ಸುತ್ತಮುತ್ತ ಇದ್ದರೆ ತಿಳಿಸಿ. ಇಂತಹ ವ್ಯವಸ್ಥೆಯನ್ನು ತಮ್ಮ ಕಾಲೇಜಿನಲ್ಲಿ ನಡೆಸಿದ ಅಧ್ಯಾಪಕರು, ಮಾರ್ಗದರ್ಶಕರಿಗೆ ಮೊದಲು ಯಾವ ತರಬೇತಿ ಕೊಟ್ಟಿರೆಂದು ಇಲ್ಲಿಯೇ ಬರೆದರೆ ಬಹಳ ಉಪಕಾರವಾಗುತ್ತದೆ.