ಊಟಕ್ಕೆ ಕೂತಾಗ ವರ್ಣಭೇದದ ಮಾತು ಬಂದ್ರೆ: ನಿಮ್ಮ ಮನೆಯಲ್ಲಿ ಹೇಗೆ?

ಪ್ರಶ್ನೆ (ಶಾರ್ಲಟ್, ನಾರ್ತ್ ಕ್ಯಾರೊಲಿನಾ)
ಮೈಸೂರಿನಿಂದ ಅತ್ತೆ-ಮಾವ ಬಂದಿದ್ದಾರೆ. ನಾವು ಮನೆ ಕೊಳ್ಳೋಕೆ ಏರಿಯಾ ನೋಡ್ತಾ ಇದ್ದೀವಿ. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಮಾವ, "ಆ ಕಡೆ ಬೇಡಮ್ಮ, ಬರೀ ಕರಿಯರೇ ಇದಾರಂತೆ, ಸ್ಕೂಲೂ ಸರಿಯಿಲ್ವಂತೆ" ಅಂದ್ರು. ಹೈಸ್ಕೂಲಲ್ಲಿರೋ ಮಗಳು "ತಾತ, ನೀವು ರೇಸಿಸ್ಟ್" ಅಂತ ಮುಖಕ್ಕೇ ಹೇಳಿ, ತಟ್ಟೆ ಬಿಟ್ಟು ಎದ್ದು ಹೋದಳು. ಈಗ ಇಬ್ಬರಿಗೂ ಮಾತಿಲ್ಲ. "ಈ ವಿಷಯ ಮನೇಲಿ ಎತ್ತಲೇಬೇಡ" ಅಂತಾರೆ ನಮ್ಮೆಜಮಾನ್ರು. ನನಗೆ ಎತ್ತಬೇಕು. ಹಿರಿಯರ ಮನಸ್ಸು ಮುರಿಯದ ಹಾಗೆ, ಮಗಳ ಮುಂದೆ ಸುಳ್ಳೂ ಹೇಳದ ಹಾಗೆ ನೀವೆಲ್ಲ ಹೇಗೆ ಮಾತಾಡಿದ್ರಿ?

ಅಟ್ಲಾಂಟಾದಿಂದ
ಉಪದೇಶ ಬೇಡ, ಕಾಗದ ತೋರಿಸಿ. ನಮ್ಮಪ್ಪ ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಭಾಷಣ ಶುರು ಮಾಡಿದ್ರೆ ಪೇಪರ್ ಅಡ್ಡ ಹಿಡ್ಕೊಂಡು ಕೂತುಬಿಡ್ತಾರೆ. 1930ರ ದಶಕದಲ್ಲಿ ಇಲ್ಲಿನ ಸರ್ಕಾರಿ ಗೃಹಸಾಲ ಸಂಸ್ಥೆ ಊರೂರಿನ ನಕ್ಷೆ ಮಾಡಿಸಿ, ಏರಿಯಾಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿಸಿತ್ತು. ಕೆಂಪು ಅಂದ್ರೆ ಸಾಲ ಕೊಟ್ರೆ ಅಪಾಯ. ರಿಚ್ಮಂಡ್ ವಿಶ್ವವಿದ್ಯಾಲಯದವರು ಅವನ್ನೆಲ್ಲ ನೆಟ್‌ಗೆ ಹಾಕಿದ್ದಾರೆ, ಶಾರ್ಲಟ್‌ದೂ ಇದೆ. ನಕ್ಷೆಯ ಜೊತೆ ಏರಿಯಾಗೊಂದು ಫಾರಂ. ಮನೆಗಳ ವಯಸ್ಸೆಷ್ಟು, ಬಾಡಿಗೆಯೆಷ್ಟು ಅನ್ನೋದರ ಜೊತೆಗೇ, ಕಪ್ಪು ಜನ ಇದ್ದಾರಾ, ಶೇಕಡಾ ಎಷ್ಟು ಅಂತ ಒಂದು ಸಾಲು. ಅಪ್ಪ ಕನ್ನಡಕ ಏರಿಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ನೋಡಿ ರಿಸ್ಕ್ ಅಳೀತಿದ್ರಾ?" ಅಂದ್ರು. ಜೀವಮಾನವೆಲ್ಲ ಸಾಲದ ಫೈಲು ನೋಡಿದವರು, ಮಿಕ್ಕಿದ್ದನ್ನ ಅವರೇ ಹೇಳಿದ್ರು: ಸಾಲ ಸಿಗದ ಬೀದೀಲಿ ರಿಪೇರಿ ಆಗಲ್ಲ, ಬೆಲೆ ಏರಲ್ಲ, ಮಕ್ಕಳಿಗೆ ಬಿಟ್ಟುಹೋಗೋಕೆ ಆಸ್ತಿ ಅಂತ ಏನೂ ಉಳಿಯಲ್ಲ. ಮನೆ ಮಾರೋದ್ರಲ್ಲಿ, ಬಾಡಿಗೆಗೆ ಕೊಡೋದ್ರಲ್ಲಿ ಈ ಭೇದ ಮಾಡಬಾರದು ಅಂತ ದೇಶಕ್ಕೇ ಕಾನೂನು ಬಂದದ್ದು 1968ರಲ್ಲಿ.

ಸ್ಕೂಲಿನ ಮಾತಿಗೆ ಉತ್ತರ ನಿಮ್ಮೂರಲ್ಲೇ ಇದೆ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಒಟ್ಟಿಗೆ ಓದಬೇಕು, ಅದಕ್ಕಾಗಿ ದೂರದ ಶಾಲೆಗೆ ಬಸ್ಸಿನಲ್ಲಿ ಕಳಿಸಿದ್ರೂ ಸರಿಯೇ ಅಂತ 1971ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಶಾರ್ಲಟ್ ಶಾಲೆಗಳ ಕೇಸಿನಲ್ಲೇ. ಸುಮಾರು ಮೂವತ್ತು ವರ್ಷ ಆದಮೇಲೆ ಕೆಳಹಂತದ ಕೋರ್ಟೇ ಅದನ್ನ ನಿಲ್ಲಿಸ್ತು, ಶಾಲೆಗಳು ಮತ್ತೆ ಬೇರೆ ಬೇರೆ ಆಗ್ತಾ ಬಂದವು.

ಡಾಲಸ್‌ನಿಂದ
ಎಲ್ಲ ಸರಿ. ಆದ್ರೆ ಮನೆ ತಗೊಳ್ಳೋವಾಗ ಸ್ಕೂಲ್ ರೇಟಿಂಗ್, ರೀಸೇಲ್ ನೋಡದೇ ಇರ್ತೀವಾ ನಾವು? ಮಾವ ಬಾಯಿಬಿಟ್ಟು ಹೇಳಿದ್ರು, ನಾವು ಆ್ಯಪಲ್ಲಿ ಫಿಲ್ಟರ್ ಹಾಕ್ತೀವಿ. ಮಗಳು ಕೇಳೋದಾದ್ರೆ ಅಪ್ಪ-ಅಮ್ಮನ್ನೂ ಕೇಳಲಿ.

ಡೆಟ್ರಾಯಿಟ್ ಹತ್ರದಿಂದ, ಮೂಲ ಧಾರವಾಡ
ಡಾಲಸ್‌ನವ್ರು ಖರೇನ ಹೇಳ್ಯಾರ. ನಮ್ಮ ಮನ್ಯಾಗ ಮಾತು ಬ್ಯಾರೆ ಕಡಿಂದ ಶುರು ಆತು: ನಮಗ ಈ ದೇಶದ ಬಾಗಲಾ ತೆಗದವ್ರು ಯಾರು? ಭಗತ್ ಸಿಂಗ್ ಥಿಂಡ್ ಅಂತ ಒಬ್ಬ ಪಂಜಾಬಿ, ಮೊದಲನೇ ಮಹಾಯುದ್ಧದಾಗ ಅಮೆರಿಕದ ಸೈನ್ಯದಾಗ ಇದ್ದಾಂವ. ನಾ ಆರ್ಯ, ಅಂದ್ರ ಬಿಳಿಯಾಂವನ, ನನಗ ಪೌರತ್ವ ಕೊಡ್ರಿ ಅಂತ ಸುಪ್ರೀಂ ಕೋರ್ಟ್ ತನಕ ಹೋದ. 1923ರಾಗ "ನೀ ಬಿಳಿಯ ಅಲ್ಲ" ಅಂತ ತೀರ್ಪು ಬಂತು. 1946ರಾಗ ವರ್ಷಕ್ಕ 100 ಮಂದಿ ಭಾರತೀಯರು ಬರ್ರಿ ಅಂದ್ರು. ದೊಡ್ಡ ಬಾಗಲಾ ತೆಗದದ್ದು 1965ರ ವಲಸೆ ಕಾಯ್ದೆ. ಕಪ್ಪು ಮಂದಿ ಬೀದಿಗಿಳಿದು, ಹೊಡತಾ ತಿಂದು, ನಾಗರಿಕ ಹಕ್ಕಿನ ಕಾಯ್ದೆ ತಂದಿದ್ರಲ್ಲ, ಅದರ ಮುಂದಿನ ವರ್ಷ. "ನಾವು ದುಡದು ಮ್ಯಾಲೆ ಬಂದೀವಿ, ಅವ್ರಿಗೇನ್ ಧಾಡಿ?" ಅಂತಿದ್ದ ನಮ್ಮ ಕಾಕಾಗ ನಾ ಇಷ್ಟ ಹೇಳಿದೆ: ಡಿಗ್ರಿ ಇದ್ದವ್ರನ್ನ ಕಾಳು ಹಸನ ಮಾಡಿದಂಗ ಆರಿಸಿ ಕರಕೊಂಡಾರ, ನಮ್ಮನ್ನ ಅವ್ರ ಜೋಡಿ ಹ್ಯಾಂಗ ತೂಗ್ತಿ? ಕಾಕಾ ಒಪ್ಪಲಿಲ್ಲ ಬಿಡ್ರಿ. ಆದ್ರ ಆ ಮಾತು ಮತ್ತ ಆಡಿಲ್ಲ.

ನ್ಯೂಜೆರ್ಸಿಯಿಂದ
ಮಾವ ಒಬ್ಬರೇ ವಾಕಿಂಗ್ ಹೋಗ್ತಾರಾ? 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನ್ನ ನೋಡಿಕೊಳ್ಳೋಕೆ ಗುಜರಾತಿಂದ ಬಂದಿದ್ದ ಹಿರಿಯರೊಬ್ಬರು ಮಗನ ಮನೆ ಹತ್ರವೇ ನಡೀತಾ ಇದ್ರು. ತೆಳ್ಳಗಿರೋ ಕಪ್ಪು ಮನುಷ್ಯ ಓಡಾಡ್ತಿದ್ದಾನೆ ಅಂತ ಯಾರೋ ಪೊಲೀಸರಿಗೆ ಫೋನ್ ಮಾಡಿದ್ರು. ಇಂಗ್ಲಿಷ್ ಬಾರದ ಅವರನ್ನ ಪೊಲೀಸಿನವನು ನೆಲಕ್ಕೆ ಕೆಡವಿದ. ಕತ್ತಿಗೆ ಆಪರೇಷನ್ ಆಯ್ತು, ಕೈಕಾಲಿನ ಸ್ವಾಧೀನ ಭಾಗಶಃ ತಪ್ಪಿತು. ಎರಡು ವಿಚಾರಣೆಯಲ್ಲೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಜಡ್ಜ್ ಆ ಪೊಲೀಸಿನವನನ್ನ ಖುಲಾಸೆ ಮಾಡಿದ್ರು. ವಿಡಿಯೊ ಇದೆ, ನಮ್ಮತ್ತೆಗೆ ತೋರಿಸಿದೆ. "ಅವರನ್ನ ಕಂಡ್ರೆ ಭಯ" ಅಂತಿದ್ದೋರಿಗೆ, ತಮ್ಮನ್ನೇ ಕಂಡು ಹೆದರಿ ಫೋನ್ ಎತ್ತೋರು ಇರ್ತಾರೆ ಅಂತ ಆವತ್ತು ಹೊಳೀತು.

ರಾಲಿಯಿಂದ
ಗ್ರೀನ್ಸ್‌ಬರೋಗೆ ಒಂದ್ಸಲ ಎಲ್ಲರೂ ಹೋಗಿ ಬನ್ನಿ, ನಿಮಗೆ ಕಾರಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. 1960ರ ಫೆಬ್ರವರಿ 1ರಂದು ನಾಲ್ಕು ಜನ ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದ್ರು. ಕೊಡಲಿಲ್ಲ. ಅಂಗಡಿ ಮುಚ್ಚೋವರೆಗೂ ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನರನ್ನ ಕರ್ಕೊಂಡು ಬಂದ್ರು. ಅಂಗಡಿಯವರು ಬಗ್ಗಿದ್ದು ಜುಲೈನಲ್ಲಿ. ಆ ಕಟ್ಟಡ ಈಗ ಮ್ಯೂಸಿಯಂ. ಕೌಂಟರು, ಸ್ಟೂಲು ಅದೇ ಜಾಗದಲ್ಲಿವೆ.

ಮಂಡ್ಯದಿಂದ ಬಂದಿದ್ದ ನಮ್ಮ ದೊಡ್ಡಪ್ಪ ಸ್ಟೂಲುಗಳನ್ನೇ ನೋಡ್ತಾ ನಿಂತಿದ್ದೋರು, ಯಾರೂ ಕೇಳದೇನೇ, "ನಮ್ಮೂರ ಹೋಟ್ಲಲ್ಲಿ ಹಿಂದುಗಡೆ ಗೋಡೆಗೆ ತೆಂಗಿನ ಚಿಪ್ಪು ಸಿಕ್ಕಿಸಿರೋರು. ಕೇರಿಯವರಿಗೆ ಅದರಲ್ಲೇ ಕಾಫಿ ಹುಯ್ಯೋದು" ಅಂದ್ರು. ನನ್ನ ಮಗ, "ಆಗ ನೀವೇನ್ ಮಾಡ್ತಿದ್ರಿ ತಾತ?" ಅಂದ. "ಒಳಗೆ ಕೂತು ಇಡ್ಲಿ ತಿಂತಿದ್ದೆ ಕಣೋ."

ಬರೋವಾಗ ಕಾರಲ್ಲಿ ಮಾತು ತಾನೇ ಹೊರಟಿತು. ಕೇರಳದ ಶಾಲೆಯೊಂದರಲ್ಲಿ ತನ್ನನ್ನ ಅಮೆರಿಕದ ಅಸ್ಪೃಶ್ಯ ಅಂತ ಪರಿಚಯ ಮಾಡಿಸಿದ್ರು ಅಂತ ಮಾರ್ಟಿನ್ ಲೂಥರ್ ಕಿಂಗ್ ಹೇಳಿಕೊಂಡದ್ದು, ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡುಬೊಯ್ಸ್‌ಗೆ ಪತ್ರ ಬರೆದದ್ದು, ಆಫ್ರಿಕಾ ಮೂಲದ ನಮ್ಮ ಯಲ್ಲಾಪುರದ ಸಿದ್ದಿಗಳು, 2023ರಲ್ಲಿ ಸಿಯಾಟಲ್ ಜಾತಿ ತಾರತಮ್ಯ ನಿಷೇಧಿಸಿದಾಗ ನಮ್ಮ ವಾಟ್ಸಾಪ್ ಗುಂಪಲ್ಲಿ ಎದ್ದ ಗಲಾಟೆ, ಎಲ್ಲ ಬಂತು. ಮೀಸಲಾತಿ ಮಾತಿಗೆ ತಾತ-ಮೊಮ್ಮಗ ಇಬ್ಬರೂ ಗಂಟಲು ಏರಿಸಿದ್ರು. ಯಾರೂ ಎದ್ದು ಹೋಗೋ ಹಾಗಿರಲಿಲ್ಲ, ಕಾರು ನೋಡಿ!

ಮ್ಯೂಸಿಯಂನಲ್ಲಿ ಹಿಂಸೆಯ ಫೋಟೊಗಳೇ ತುಂಬಿರೋ ಒಂದು ಭಾಗ ಇದೆ. ಚಿಕ್ಕ ಮಕ್ಕಳೂ ಜೊತೆಗಿದ್ರೆ ಮೊದಲೇ ಹೇಳಿಟ್ಟಿರಿ. ಟೂರ್ ಸಮಯ ಫೋನ್ ಮಾಡಿ ಕೇಳಿಕೊಂಡು ಹೊರಡಿ.