ಸಹಾಯ ಬೇಕು: ಕ್ಯಾನುಲಾ ಹಾಕುವವರ ಅನುಭವ ಕೇಳಬೇಕಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಹೋದ ತಿಂಗಳು ನಮ್ಮಜ್ಜಿಗೆ ಡ್ರಿಪ್‌ಗೆ ಕ್ಯಾನುಲಾ (ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಸೂಜಿ ತೆಗೆದ ಮೇಲೆ ಕೊಳವೆ ಮಾತ್ರ ಒಳಗೆ ಉಳಿಯುತ್ತದೆ) ಹಾಕಲು ನಾಲ್ಕು ಸಲ ಚುಚ್ಚಬೇಕಾಯಿತು. ಮೂರನೇ ಸಲ ಸೂಜಿಯ ಹಿಂದೆ ರಕ್ತ ಕಾಣಿಸಿತು, ಆದರೂ ಪ್ಲಾಸ್ಟಿಕ್ ಕೊಳವೆ ಒಳಗೆ ಹೋಗಲಿಲ್ಲ. ಕೈ ಊದಿಕೊಂಡಿತು. ಸಿಸ್ಟರ್ ತಪ್ಪಲ್ಲ ಬಿಡಿ, ಅಜ್ಜಿಯ ನರ (ಅಂದರೆ ರಕ್ತನಾಳ) ದಾರದಷ್ಟು ಸಣ್ಣ.

ಆಮೇಲೆ ಹೊಸ ಕ್ಯಾನುಲಾ ಒಂದನ್ನು ತಂದು ಭೂತಗನ್ನಡಿ ಹಿಡಿದು ನೋಡಿದೆ. ಸೂಜಿಯ ಮೊನೆ ಮುಂದೆ, ಕೊಳವೆಯ ಬಾಯಿ ಸ್ವಲ್ಪ ಹಿಂದೆ. ಅಂದರೆ ರಕ್ತ ಕಂಡಾಗ ಸೂಜಿ ನರದೊಳಗೆ ಇರುತ್ತದೆ, ಕೊಳವೆ ಇನ್ನೂ ಹೊರಗೇ ಇರಬಹುದು, ಅಲ್ವಾ? ಎರಡರ ನಡುವೆ ಸಣ್ಣದೊಂದು ಮೆಟ್ಟಿಲೂ ಇದೆ. ಅದನ್ನು ಇನ್ನಷ್ಟು ಇಳಿಜಾರು ಮಾಡುವುದು, ಒದ್ದೆಯಾದಾಗ ಜಾರುವ ಲೇಪನ ಕೊಡುವುದು ನಮ್ಮ ಪ್ರಾಜೆಕ್ಟ್. ತೀರಾ ತೆಳ್ಳಗೆ ಮಾಡಿದರೆ ತುದಿ ಮಡಚಿಕೊಳ್ಳುತ್ತದೆ, ಅದೇ ತಲೆನೋವು. ಕೊಳವೆ ಮಾಡುವ ಪ್ಲಾಸ್ಟಿಕ್‌ಗಳಲ್ಲಿ ಪಾಲಿಯುರೆಥೇನ್ ಮೈ ಬಿಸಿಗೆ ಮೆತ್ತಗಾಗುತ್ತದೆ, ನರಕ್ಕೆ ಒಳ್ಳೆಯದು. ಟೆಫ್ಲಾನ್ ಗಡಸು.

ಸ್ಟಾಫ್ ನರ್ಸ್‌ಗಳು, ಅನಸ್ತೇಷಿಯಾದವರು ಇದ್ದರೆ ದಯವಿಟ್ಟು ಹೇಳಿ. ಜಾಸ್ತಿ ತಡೆಯುವುದು ಚರ್ಮದಲ್ಲೋ, ನರದ ಗೋಡೆಯಲ್ಲೋ? ಸಣ್ಣ ಗಾತ್ರದ ನೀಲಿ 22, ಹಳದಿ 24 ಗೇಜ್ ಕ್ಯಾನುಲಾಗಳಲ್ಲಿ ತುದಿ ಮಡಚಿದ್ದು ನೋಡಿದ್ದೀರಾ?

ಅವಧಿ ಮುಗಿದ, ಪ್ಯಾಕೆಟ್ ಒಡೆಯದ ಕ್ಯಾನುಲಾ ಇದ್ದರೆ ಕೊಡಿ. ಬಳಸಿದ್ದು ಬೇಡವೇ ಬೇಡ. ಪರೀಕ್ಷೆ ಮಾಡುವುದು ಸಿಲಿಕೋನ್ ಟ್ಯೂಬ್ ಮೇಲೆ ಮಾತ್ರ, ಹೆದರಬೇಡಿ. ಊರಲ್ಲಿ ಎಲ್ಲೇ ಇದ್ದರೂ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ.