ಹೊಸಬರಿಗೆ ರಿಟರ್ನ್ಸ್ ಕೆಲಸ ಕಲಿಸುವುದು: ನಿಮ್ಮ ಕಚೇರಿಯಲ್ಲಿ ಹೇಗೆ?

ಕೇಳಿದವರು: ಚಿಕ್ಕಮಗಳೂರಿನ ತೆರಿಗೆ ಸಲಹೆಗಾರರು

ನಮ್ಮದು ಸಣ್ಣ ಕಚೇರಿ. ಈ ಸಲ ಬಿ.ಕಾಂ. ಮುಗಿಸಿದ ಇಬ್ಬರನ್ನು ತೆಗೆದುಕೊಂಡಿದ್ದೇನೆ. ಟ್ಯಾಲಿ ಬರುತ್ತದೆ, ಜಿಎಸ್‌ಟಿ ಎಂಟ್ರಿಯೂ ಬರುತ್ತದೆ. ಆದರೆ ವೈಯಕ್ತಿಕ ಆದಾಯ ತೆರಿಗೆ ಎಂದರೆ ಫಾರ್ಮ್ 16 (ಸಂಬಳ ಮತ್ತು ಮುರಿದುಕೊಂಡ ತೆರಿಗೆಗೆ ಉದ್ಯೋಗದಾತರು ಕೊಡುವ ಪತ್ರ) ನೋಡಿಕೊಂಡು ಅಂಕಿಗಳನ್ನು ತುಂಬಿಸುವುದು ಎಂದುಕೊಂಡಿದ್ದಾರೆ. ಕೃಷಿ ಆದಾಯದ ಕಾಲಂ ಖಾಲಿ ಬಿಟ್ಟು, ‘ಅದಕ್ಕೆ ತೆರಿಗೆ ಇಲ್ಲವಲ್ಲ ಸರ್’ ಎನ್ನುತ್ತಾರೆ. ಜುಲೈ ನೂಕುನುಗ್ಗಲಿಗೆ ಮುಂಚೆ ಇವರನ್ನು ತಯಾರು ಮಾಡಬೇಕು. ನೀವೆಲ್ಲ ಎಲ್ಲಿಂದ ಶುರು ಮಾಡುತ್ತೀರಿ?

ಹಾಸನದಿಂದ, ಹೆಚ್ಚಾಗಿ ನೌಕರರ ಮತ್ತು ಪಿಂಚಣಿದಾರರ ರಿಟರ್ನ್ಸ್ ಮಾಡುವವರು

ಸರ್, ನಾನು ಮೊದಲ ವಾರ ಅವರನ್ನು ಪೋರ್ಟಲ್ ಹತ್ತಿರವೇ ಬಿಡುವುದಿಲ್ಲ. ಹಿಂದಿನ ವರ್ಷ ಮುಗಿದ ಫೈಲುಗಳಲ್ಲಿ ಹೆಸರು, ಪ್ಯಾನ್ ಮುಚ್ಚಿ, ಫಾರ್ಮ್ 16, 26ಎಎಸ್ (ಪ್ಯಾನ್‌ಗೆ ಜಮೆಯಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ಇಲಾಖೆಗೆ ಬಂದ ಆದಾಯ, ವಹಿವಾಟಿನ ವಾರ್ಷಿಕ ವಿವರ) ಮೂರನ್ನೂ ಪಕ್ಕಪಕ್ಕ ಇಟ್ಟು ಕೊಡುತ್ತೇನೆ. ‘ಇವುಗಳಲ್ಲಿ ಒಂದಕ್ಕೊಂದು ಹೊಂದದಿರುವುದು ಏನಿದೆ, ಬರೆದು ತನ್ನಿ’ ಎಂಬುದಷ್ಟೇ ಕೆಲಸ. ಫಾರ್ಮ್ 16ರಲ್ಲಿ ಇಲ್ಲದ ಠೇವಣಿ ಬಡ್ಡಿ, ಷೇರಿನ ಲಾಭಾಂಶ, ವರ್ಷದ ನಡುವೆ ಕೆಲಸ ಬದಲಿಸಿದವರ ಹಳೆಯ ಸಂಬಳ, ಗಂಡ ಹೆಂಡತಿಯ ಜಂಟಿ ಠೇವಣಿಯ ಬಡ್ಡಿ ಪೂರ್ತಿ ಒಬ್ಬರ ಹೆಸರಿನಲ್ಲೇ ಬಿದ್ದಿರುವುದು, ಎಲ್ಲವೂ ಅಲ್ಲಿಯೇ ಸಿಗುತ್ತವೆ. ಎಐಎಸ್‌ನಲ್ಲಿ ಇದ್ದದ್ದೆಲ್ಲ ಸತ್ಯವೆಂದು ನಂಬಬಾರದು, ತಪ್ಪಿದ್ದರೆ ಅಲ್ಲಿಯೇ ಪ್ರತಿಕ್ರಿಯೆ ದಾಖಲಿಸಬಹುದು ಎಂಬುದನ್ನೂ ಆಗಲೇ ಹೇಳುತ್ತೇನೆ.

ನಮ್ಮ ಕಡೆ ನಿವೃತ್ತ ಮೇಷ್ಟ್ರುಗಳು ಜಾಸ್ತಿ. ಪಿಂಚಣಿಗೂ ಕುಟುಂಬ ಪಿಂಚಣಿಗೂ ವ್ಯತ್ಯಾಸ ಗೊತ್ತಿಲ್ಲದ ಹೊಸಬರು ಎರಡನ್ನೂ ಸಂಬಳದ ಅಡಿಯಲ್ಲಿ ಹಾಕಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟುಬಿಡುತ್ತಾರೆ. ಪತಿ ತೀರಿಕೊಂಡ ಮೇಲೆ ಪತ್ನಿಗೆ ಬರುವುದು ‘ಇತರ ಮೂಲ’ದ ಆದಾಯ. ಅದಕ್ಕೆ ಮೂರನೆಯ ಒಂದು ಭಾಗ ಅಥವಾ ಹೊಸ ತೆರಿಗೆ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) 25,000, ಹಳೆಯದರಲ್ಲಿ 15,000, ಯಾವುದು ಕಡಿಮೆಯೋ ಅಷ್ಟು ಮಾತ್ರ ವಿನಾಯಿತಿ. ಬಾಕಿ ವೇತನ ಬಂದವರಿಗೆ ತೆರಿಗೆಯಲ್ಲಿ ಪರಿಹಾರ ಕೇಳುವುದಾದರೆ ರಿಟರ್ನ್‌ಗೆ ಮೊದಲು ಫಾರ್ಮ್ 10ಇ ಹೋಗಿರಬೇಕು. ಇದನ್ನು ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಫೈಲ್ ಕವರಿನ ಮೇಲೆ ಅಚ್ಚು ಹಾಕಿಸಿ.

ಮೂಡಿಗೆರೆಯಿಂದ, ಕಾಫಿ ಬೆಳೆಗಾರರ ಲೆಕ್ಕ ನೋಡುವವರು

ನಿಮ್ಮ ಹುಡುಗರ ‘ತೆರಿಗೆ ಇಲ್ಲವಲ್ಲ ಸರ್’ ಎಂಬ ಮಾತಿನಿಂದಲೇ ಪಾಠ ಶುರು ಮಾಡಿ. ಮಲೆನಾಡಿನ ಆಡಿಟರ್ ಕಚೇರಿಯಲ್ಲಿ ಅದು ಗೊತ್ತಿಲ್ಲದಿದ್ದರೆ ಉಳಿದದ್ದು ಎಷ್ಟು ಗೊತ್ತಿದ್ದರೂ ಉಪಯೋಗವಿಲ್ಲ.

ನಾನು ಒಂದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿಸುತ್ತೇನೆ. ಕಾಲೇಜಿನ ಉಪನ್ಯಾಸಕರೊಬ್ಬರು, 2025-26ನೇ ಆರ್ಥಿಕ ವರ್ಷ, ಹೊಸ ಪದ್ಧತಿ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸಂಬಳ 14 ಲಕ್ಷ. ತೋಟದಿಂದ ಖರ್ಚು ಕಳೆದು 6 ಲಕ್ಷ. ಸಂಬಳಕ್ಕಷ್ಟೇ ತೆರಿಗೆ ಹಾಕಿದರೆ 90,000, ಸೆಸ್ ಸೇರಿ 93,600. ಕಾಲೇಜಿನವರು ಮುರಿದುಕೊಂಡಿರುವುದೂ ಅಷ್ಟೇ. ಈಗ ಎರಡನ್ನೂ ಕೂಡಿಸಿ 20 ಲಕ್ಷಕ್ಕೆ ತೆರಿಗೆ ಹಾಕಿಸಿ: 2,00,000. ಆಮೇಲೆ ತೋಟದ 6 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ 10 ಲಕ್ಷಕ್ಕೆ ತೆರಿಗೆ ಹಾಕಿಸಿ: 40,000. ಒಂದರಲ್ಲಿ ಇನ್ನೊಂದು ಕಳೆದರೆ 1,60,000, ಸೆಸ್ ಸೇರಿ 1,66,400. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಬೀಳಲಿಲ್ಲ, ಆದರೆ ಅದು ಸಂಬಳವನ್ನು ಮೇಲಿನ ದರಕ್ಕೆ ಎತ್ತಿತು. 72,800 ರೂಪಾಯಿ ಕಡಿಮೆ ಬಿದ್ದಿದೆ, ಮುಂಗಡ ತೆರಿಗೆ ಕಟ್ಟಿಲ್ಲವೆಂದು ಅದರ ಮೇಲೆ ಬಡ್ಡಿಯೂ ಇದೆ. ಈ ಲೆಕ್ಕವನ್ನು ಸ್ವಂತ ಕೈಯಿಂದ ಮಾಡಿದವರು ಆ ಕಾಲಂ ಅನ್ನು ಮತ್ತೆ ಖಾಲಿ ಬಿಡುವುದಿಲ್ಲ.

ಮರುದಿನ ಸಂಬಳವನ್ನು 8 ಲಕ್ಷಕ್ಕೆ ಇಳಿಸಿ ಅದೇ ಲೆಕ್ಕ ಕೊಡಿ. 50,000 ತೆರಿಗೆ ಬರುತ್ತದೆ, ಆದರೆ ಕೃಷಿ ಆದಾಯ ಬಿಟ್ಟು ಒಟ್ಟು ಆದಾಯ 12 ಲಕ್ಷದೊಳಗೆ ಇರುವುದರಿಂದ ಸೆಕ್ಷನ್ 87ಎ ರಿಯಾಯಿತಿಯಲ್ಲಿ ಪೂರ್ತಿ ಹೋಗುತ್ತದೆ. ಏಕೆ ಹೋಯಿತು ಎಂದು ಅವರೇ ವಿವರಿಸಬೇಕು.

ಇನ್ನು ಕಾಫಿಯದು ಬೇರೆಯದೇ ದಾರಿ. ಚೆರ್ರಿಯನ್ನೋ (ಕಾಫಿ ಹಣ್ಣು) ಪಾರ್ಚ್‌ಮೆಂಟನ್ನೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಹಾಗೆಯೇ ವ್ಯಾಪಾರಿಗೆ ಕೊಟ್ಟರೆ ಅದು ಕೃಷಿ ಆದಾಯ. ಕ್ಯೂರಿಂಗ್ (ಹೊಟ್ಟು ತೆಗೆದು ಬೀಜ ವಿಂಗಡಿಸುವುದು) ಮಾಡಿಸಿ ಮಾರಿದರೆ ನಿಯಮ 7ಬಿ ಪ್ರಕಾರ 25 ಶೇಕಡಾ ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ 40 ಶೇಕಡಾ. ಈಚೆಗೆ ತೋಟದ ಹೆಸರಿನಲ್ಲೇ ಪುಡಿ ಪೊಟ್ಟಣ ಮಾಡಿ ಹೋಂಸ್ಟೇಗೆ ಬಂದವರಿಗೆ ಮಾರುವ ಮನೆಗಳು ಎಷ್ಟಿವೆ ನೋಡಿ. ಹಾಗಾಗಿ ಹೊಸಬರು ‘ಕಾಫಿ ಎಷ್ಟು ಬಂತು’ ಎಂದು ಕೇಳಿದರೆ ಸಾಲದು, ‘ಯಾವ ರೂಪದಲ್ಲಿ ಮಾರಿದಿರಿ’ ಎಂದು ಕೇಳಬೇಕು. ಕ್ಯೂರಿಂಗ್ ವರ್ಕ್ಸ್ ಬಿಲ್ ಫೈಲಿನಲ್ಲಿ ಕಂಡರೆ ತಾವೇ ತೀರ್ಮಾನಿಸದೆ ನಿಮ್ಮ ಮೇಜಿಗೆ ತರಬೇಕು. ಹೋಂಸ್ಟೇ ಬಾಡಿಗೆಯಂತೂ ಕೃಷಿ ಆದಾಯವೇ ಅಲ್ಲ. ಅದು ತೋಟದೊಳಗೆ ಇದೆ ಎಂಬ ಕಾರಣಕ್ಕೆ ಕಾಫಿಯ ಜೊತೆ ಸೇರಿಸಿಬಿಡುವವರಿದ್ದಾರೆ.

ಪಹಣಿ ಓದುವುದನ್ನೂ ಕಲಿಸಿ. ಕೃಷಿ ಆದಾಯ 5 ಲಕ್ಷ ದಾಟಿದರೆ ರಿಟರ್ನ್‌ನಲ್ಲಿ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಕೇಳುತ್ತಾರೆ. ಪಹಣಿಯಲ್ಲಿ 3 ಎಕರೆ 20 ಗುಂಟೆ ಇದ್ದರೆ ಅದು ಮೂರೂವರೆ ಎಕರೆ. 3.20 ಎಂದು ಬರೆಯುವವರೇ ಹೆಚ್ಚು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ತೋಟಗಳ ಕಥೆ ಬೇರೆ, ಅದಕ್ಕೆ ಹೊಸಬರನ್ನು ದೂಡಬೇಡಿ.

ಅರಸೀಕೆರೆಯಿಂದ

ಒಳ್ಳೆಯ ಲೆಕ್ಕ ಸರ್, ಆದರೆ ನನ್ನದು ಸ್ವಲ್ಪ ತಕರಾರು. ಸಾಫ್ಟ್‌ವೇರ್ ಕ್ಷಣದಲ್ಲಿ ಹೇಳುವುದನ್ನು ಕಾಗದದ ಮೇಲೆ ಎಷ್ಟು ದಿನ ಮಾಡಿಸುತ್ತೀರಿ? ಸಂಬಳ ಕೊಡುವವರು ನಾವು. ನಾನು ಸರಳ ಐಟಿಆರ್-1 (ಎಲ್ಲಕ್ಕಿಂತ ಚಿಕ್ಕ ರಿಟರ್ನ್ ಫಾರ್ಮ್) ಫೈಲುಗಳನ್ನು ಮೊದಲ ದಿನವೇ ಕೊಟ್ಟುಬಿಡುತ್ತೇನೆ, ಸಲ್ಲಿಸುವ ಮೊದಲು ನಾನು ನೋಡುತ್ತೇನೆ. ಕೆಲಸ ಮಾಡುತ್ತಲೇ ಕಲಿಯುತ್ತಾರೆ.

ಮೂಡಿಗೆರೆಯವರು

ನೀವು ನೋಡುತ್ತೀರಿ, ಸರಿ. ಜುಲೈ ಕೊನೆಯ ವಾರದಲ್ಲಿಯೂ ಅಷ್ಟೇ ಗಮನ ಕೊಟ್ಟು ನೋಡುತ್ತೀರಾ? ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ ಎಂಬುದು ಗೊತ್ತಿಲ್ಲದವರು ನಿಮಗೆ ‘ಸರಳ’ ಫೈಲ್ ಎಂದು ತಂದುಕೊಡುವುದರಲ್ಲಿ ಸರಳವಲ್ಲದವೂ ಸೇರಿರುತ್ತವೆ. ತೋಟ ಇದೆ ಎಂದು ಕೇಳದಿದ್ದರೆ ಸಾಫ್ಟ್‌ವೇರಿಗೂ ಗೊತ್ತಾಗುವುದಿಲ್ಲ.

ಹಾಸನದ ಕಚೇರಿಯೊಂದರಲ್ಲಿ ಸಹಾಯಕಿ

ಕಲಿಯುವವರ ಕಡೆಯಿಂದ ಒಂದು ಮಾತು ಹೇಳಬಹುದೇ? ನಮಗೆ ಕಷ್ಟವಾಗುವುದು ಸೆಕ್ಷನ್‌ಗಳಲ್ಲ, ಕೇಳುವುದು. ಎದುರಿಗೆ ಕುಳಿತವರು ನನ್ನ ಹೈಸ್ಕೂಲ್ ಗಣಿತದ ಮೇಷ್ಟ್ರೇ ಆಗಿರುತ್ತಾರೆ. ‘ಸರ್, ನಿಮಗೆ ಬೇರೆ ಆದಾಯ ಏನಾದರೂ ಇದೆಯೇ’ ಎಂದು ಅವರನ್ನು ಹೇಗೆ ಕೇಳುವುದು? ನಮ್ಮ ಮೇಡಂ ಇದಕ್ಕೆ ಒಂದು ಹಾಳೆ ಮಾಡಿಕೊಟ್ಟರು. ಯಾವ ಯಾವ ಬ್ಯಾಂಕು, ತೋಟವೋ ಹೊಲವೋ, ಬಾಡಿಗೆ ಮನೆ, ಷೇರು, ಆ ವರ್ಷ ಜಾಗ ಮಾರಿದ್ದು, ಉಳಿತಾಯ ಖಾತೆಗೆ ಹಾಕಿದ ದೊಡ್ಡ ನಗದು. ‘ಕಚೇರಿಯ ನಿಯಮ, ಎಲ್ಲರಿಗೂ ಇದೇ ಹಾಳೆ’ ಎಂದರೆ ಯಾರೂ ಬೇಸರಿಸುವುದಿಲ್ಲ. ಅಮ್ಮಂದಿರ ಹತ್ತಿರ ‘ಆದಾಯ’ ಎಂದರೆ ಇಲ್ಲ ಎನ್ನುತ್ತಾರೆ, ‘ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದೀರಾ ಅಮ್ಮ’ ಎಂದರೆ ಪಾಸ್‌ಬುಕ್ ತೆಗೆಯುತ್ತಾರೆ.

ಇನ್ನೊಂದು ವಿಷಯ, ಗುಟ್ಟು ಕಾಪಾಡುವುದು. ಸಣ್ಣ ಊರು. ಯಾರ ಸಂಬಳ ಎಷ್ಟು ಎಂದು ಮದುವೆ ಮನೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಕಕ್ಷಿದಾರರ ಪ್ಯಾನ್, ಆಧಾರ್ ಪ್ರತಿ ನಮ್ಮ ಸ್ವಂತ ಮೊಬೈಲಿನಲ್ಲಿ ಉಳಿಯಬಾರದೆಂದು ಮೊದಲ ದಿನವೇ ಹೇಳಿದ್ದರು. ಅದು ಒಳ್ಳೆಯದಾಯಿತು.

ಬೇಲೂರಿನಿಂದ

‘ಪಕ್ಕದ ಕಚೇರಿಯಲ್ಲಿ ಅಷ್ಟು ರೀಫಂಡ್ ಬರಿಸಿಕೊಟ್ಟರಂತೆ’ ಎಂದು ಬರುವವರಿಗೆ ಇಲ್ಲ ಎನ್ನುವುದನ್ನೂ ಕಲಿಸಿ. 2025ರ ಜುಲೈಯಲ್ಲಿ ಆದಾಯ ತೆರಿಗೆ ಇಲಾಖೆ ಸುಳ್ಳು ಕಡಿತ ತೋರಿಸಿ ರಿಟರ್ನ್ಸ್ ಸಲ್ಲಿಸುತ್ತಿದ್ದ ಮಧ್ಯವರ್ತಿಗಳ ಮೇಲೆ ದೇಶದ ಹಲವೆಡೆ ಶೋಧ ನಡೆಸಿದ್ದು ನೆನಪಿದೆಯಲ್ಲ. ಆದಾಯ ತಪ್ಪಾಗಿ ತೋರಿಸಿದ್ದು ಸಾಬೀತಾದರೆ ಆ ಆದಾಯದ ಮೇಲಿನ ತೆರಿಗೆಯ 200 ಶೇಕಡಾ ದಂಡ, ಕಟ್ಟಬೇಕಾದವರು ಕಕ್ಷಿದಾರರು. ರಸೀದಿ ಕಣ್ಣಿಗೆ ಬೀಳದೆ ಒಂದು ರೂಪಾಯಿಯೂ ಕಡಿತದ ಕಾಲಂಗೆ ಹೋಗಬಾರದು. ಒತ್ತಾಯ ಮಾಡಿದರೆ ಹೊಸಬರು ವಾದಕ್ಕೆ ಇಳಿಯದೆ ‘ಸರ್ ಹತ್ತಿರ ಮಾತನಾಡಿ’ ಎಂದು ಕಳುಹಿಸಲಿ, ಬೈಗುಳ ತಿನ್ನುವುದು ನಮ್ಮ ಪಾಲು.

ಅಂದಹಾಗೆ, ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ, ಹಿಂದಿನ ವರ್ಷ, ನಿರ್ಧರಣಾ ವರ್ಷ ಎಂಬ ಎರಡರ ಬದಲು ‘ತೆರಿಗೆ ವರ್ಷ’ ಎಂಬ ಒಂದೇ ಹೆಸರು. ಆದರೆ 2025-26ರ ಆದಾಯದ ರಿಟರ್ನ್ ಹಳೆಯ 1961ರ ಕಾಯ್ದೆಯಲ್ಲೇ. ಇಬ್ಬರಿಗೂ ಎರಡೂ ಹೇಳಿಕೊಡಿ, ಇಲ್ಲದಿದ್ದರೆ ಚಲನ್‌ನಲ್ಲಿ ವರ್ಷ ತಪ್ಪಿಸುತ್ತಾರೆ.

ಕೇಳಿದವರು

ಎಲ್ಲರಿಗೂ ವಂದನೆಗಳು. ಹಾಳೆಯ ಉಪಾಯವನ್ನು ನಾಳೆಯೇ ಮಾಡುತ್ತೇನೆ. ಮೂಡಿಗೆರೆ ಸರ್, ಒಂದು ಅನುಮಾನ. ಕ್ಯೂರಿಂಗ್ ಮಾಡಿಸಿದ ಕಾಫಿ ಮಾರಿದ ಬೆಳೆಗಾರರಿಗೆ ಹಳೆಯ ಪದ್ಧತಿಯೇ ಲಾಭವೆಂದು ಕಂಡರೆ, ನೌಕರರಿಗೆ ಮಾಡುವಂತೆ ರಿಟರ್ನ್‌ನಲ್ಲೇ ಆರಿಸಿದರೆ ಆಗುವುದೇ?

ಮೂಡಿಗೆರೆಯವರು

ಆಗುವುದಿಲ್ಲ. 25 ಶೇಕಡಾ ವ್ಯಾಪಾರದ ಆದಾಯವಲ್ಲವೇ, ಐಟಿಆರ್-3 ಬೇಕು, ಗಡುವಿನೊಳಗೆ ಫಾರ್ಮ್ 10-ಐಇಎ (ಹಳೆಯ ಪದ್ಧತಿ ಆರಿಸುವ ಫಾರ್ಮ್) ಕೂಡ ಸಲ್ಲಿಸಬೇಕು. ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವ ತನಕ ಮತ್ತೆ ಹಳೆಯದಕ್ಕೆ ದಾರಿಯಿಲ್ಲ. ಆದ್ದರಿಂದ ಅಂತಹ ಫೈಲುಗಳನ್ನು ಮೇ ತಿಂಗಳಲ್ಲೇ ಬೇರೆ ಕಟ್ಟಿ ಇಡಿ. ಯಾವ ಪದ್ಧತಿ ಎಂದು ಹೊಸಬರು ಎರಡೂ ಲೆಕ್ಕ ಹಾಕಿ ತರಲಿ, ಬೆಳೆಗಾರರನ್ನು ಕೂರಿಸಿಕೊಂಡು ನಿರ್ಧಾರ ಮಾಡುವವರು ನೀವಾಗಿರಿ.